ಬಾತ್‌ರೂಮ್ ವಾಲ್ ಟೈಲ್ ಬಾಕ್ಸ್‌ಗೊಂದು ಸೈಜ್ ಬಂದಿದೆ, ವಾಪಸ್ ಕೊಡಲಾ, ಹಾಕಿಸಲಾ?

ಡೊಂಬಿವಲಿ ಕಟ್ಟೆ

ಎಲ್ಲರಿಗೂ ನಮಸ್ಕಾರ. ಬಾತ್‌ರೂಮ್ ಪೂರ್ತಿ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೇವೆ. ಏಳು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕೋಬಾ (ನೆಲಕ್ಕೆ ಇಟ್ಟಿಗೆ ಚೂರಿನ ವಾಟರ್‌ಪ್ರೂಫಿಂಗ್) ಆಯಿತು, ಗೋಡೆ ಪ್ಲಾಸ್ಟರ್ ಕೂಡ ಆಯಿತು. ಏಳು ಅಡಿ ಎತ್ತರದವರೆಗೆ ಟೈಲ್ ಹಾಕಿಸೋಣ ಅಂತ 300 x 450 ಸೆರಾಮಿಕ್ ವಾಲ್ ಟೈಲ್ 22 ಬಾಕ್ಸ್ ತರಿಸಿದೆವು. ಬಾಕ್ಸಿಗೆ ಆರು ಟೈಲ್.

ಇವತ್ತು ಗೌಂಡಿ (ಟೈಲ್ ಹಾಕುವ ಮಿಸ್ತ್ರಿ) ಎರಡು ಬಾಕ್ಸ್ ಬಿಚ್ಚಿ ಟೈಲ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿದರು. ಒಂದು ಸ್ವಲ್ಪ ಎತ್ತರ, ಇನ್ನೊಂದು ಗಿಡ್ಡ. ಬರಿಗಣ್ಣಿಗೇ ಕಾಣಿಸುತ್ತದೆ. ಅಂಗಡಿಗೆ ಫೋನ್ ಮಾಡಿದರೆ "ಸೆರಾಮಿಕ್ ಅಂದಮೇಲೆ ಅಷ್ಟು ಇರೋದೇ, ಮಿಸ್ತ್ರಿ ಅಡ್ಜಸ್ಟ್ ಮಾಡ್ತಾನೆ" ಅಂದರು. ಗೌಂಡಿನೂ ಅದನ್ನೇ ಹೇಳುತ್ತಾರೆ. ಹೇಗೆ ಅಡ್ಜಸ್ಟ್ ಮಾಡುತ್ತೀರಿ ಅಂದರೆ "ಆಗ್ತದ ಬಿಡ್ರಿ" ಅಷ್ಟೇ.

ಹೆಂಡತಿ ಎಲ್ಲಾ ವಾಪಸ್ ಕಳಿಸಿ ಅನ್ನುತ್ತಿದ್ದಾಳೆ. ಇದು ನಿಜವಾಗಿ ಅಡ್ಜಸ್ಟ್ ಆಗುವ ವಿಷಯವಾ?

ಮುಲುಂಡ್ ಅಕ್ಕ

ವಾಪಸ್ ಕಳಿಸಪ್ಪ, ಯೋಚನೆನೇ ಬೇಡ. ನಮ್ಮ ಅಡುಗೆಮನೆಯಲ್ಲಿ ಹೀಗೇ "ಅಡ್ಜಸ್ಟ್" ಮಾಡಿ ಹೋದರು. ಮೂಲೆಯಲ್ಲಿ ಒಂದು ಗೋಡೆಯ ಗೆರೆ ಇನ್ನೊಂದು ಗೋಡೆಯ ಗೆರೆಗೆ ಸೇರುವುದೇ ಇಲ್ಲ. ಕೆಳಗೆ ಸರಿಯಾಗಿದೆ, ಮೇಲೆ ಹೋಗ್ತಾ ಹೋಗ್ತಾ ದಾರಿ ತಪ್ಪಿದೆ. ಕುಕ್ಕರ್ ಇಡುವಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ.

ಪುಣೆ ಹಳೆ ಸೂಪರ್‌ವೈಸರ್

ಅಕ್ಕಾ, ನೀವು ಹೇಳಿದ ಆ ಮೂಲೆಯ ಕಥೆಯಲ್ಲೇ ಉತ್ತರವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಡೊಂಬಿವಲಿಯವರೇ, ಮೊದಲು ಎರಡು ಕೆಲಸ ಮಾಡಿ. ಒಂದೂ ಟೈಲ್ ಗೋಡೆಗೆ ಹತ್ತುವ ಮುಂಚೆ. ಎಲ್ಲಾ ಬಾಕ್ಸ್‌ಗಳ ಪಕ್ಕದಲ್ಲಿ ಏನು ಅಚ್ಚಾಗಿದೆ ನೋಡಿ. ಬ್ಯಾಚ್ ನಂಬರ್ ಇರುತ್ತದೆ, ಶೇಡ್ ಇರುತ್ತದೆ, ಸೈಜ್ ಕೋಡ್ ಇರುತ್ತದೆ. ಅದನ್ನು ಕೆಲವರು ಕ್ಯಾಲಿಬರ್ ಅಂತಲೂ ಬರೆಯುತ್ತಾರೆ. ಪ್ರೀಮಿಯಂ, ಸ್ಟ್ಯಾಂಡರ್ಡ್, ಕಮರ್ಷಿಯಲ್ ಅಂತ ಗ್ರೇಡ್ ಕೂಡ ಇರಬಹುದು. 22 ಬಾಕ್ಸ್‌ನಲ್ಲೂ ಒಂದೇ ಇದೆಯಾ?

ಆಮೇಲೆ ಪ್ರತಿ ಬಾಕ್ಸ್‌ನಿಂದ ಎರಡು ಟೈಲ್ ತೆಗೆದು ಅಳೆಯಿರಿ. ಟೇಪ್ ಬೇಡ. ಟೇಪಿನ ಕೊಕ್ಕೆಯಲ್ಲೇ ಒಂದು ಮಿಲಿಮೀಟರ್ ಆಟ ಇರುತ್ತದೆ, ನೀವು ಹುಡುಕುತ್ತಿರುವುದೂ ಅಷ್ಟನ್ನೇ. ಸ್ಟೀಲ್ ಸ್ಕೇಲ್ ತಗೊಳ್ಳಿ. ನಾಲ್ಕೂ ಬದಿ, ಎರಡೂ ಕರ್ಣ. ಎದುರುಬದುರು ಬದಿ ಸಮ ಇದ್ದು ಕರ್ಣ ಎರಡೂ ಒಂದೇ ಬಂದರೆ ಟೈಲ್ ಮೂಲೆ ಮಟ್ಟಕ್ಕಿದೆ, ಸೈಜ್ ಮಾತ್ರ ಬೇರೆ ಅಂತ ಅರ್ಥ. ಕರ್ಣ ಬೇರೆ ಬೇರೆ ಬಂದರೆ ಅಂಥ ಟೈಲ್ ವಾಪಸ್ಸೇ ಕೊಡಿ. ಅದನ್ನು ಯಾವ ಗೌಂಡಿಯೂ ಸರಿ ಮಾಡಲಾರ. ಹಾಗೇ ಎರಡು ಟೈಲ್ ಮುಖಕ್ಕೆ ಮುಖ ಸೇರಿಸಿ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ಬಾಗಿದೆ.

ಠಾಣೆ ಮಾರಾಯ

ನಾನು ಹೋಟೆಲ್ ಕೆಲಸದವ, ಟೈಲ್ ಪಂಡಿತ ಅಲ್ಲ. ಒಂದು ಪ್ರಶ್ನೆ. ಮೆಷಿನ್‌ನಲ್ಲಿ ಮಾಡುವ ಟೈಲ್ ಅಲ್ವಾ ಮಾರಾಯ್ರೆ? ಒಂದೇ ಅಚ್ಚು, ಒಂದೇ ಮಣ್ಣು. ಹೇಗೆ ಬೇರೆ ಬೇರೆ ಸೈಜ್ ಆಗುತ್ತದೆ?

ಪುಣೆ ಹಳೆ ಸೂಪರ್‌ವೈಸರ್

ಅಚ್ಚು ಒಂದೇ, ಬೆಂಕಿ ಒಂದೇ ಅಲ್ಲ. ಪುಡಿ ಮಣ್ಣನ್ನು ಒತ್ತಿ ಟೈಲ್ ಮಾಡಿ ಸಾವಿರದ ನೂರು ಡಿಗ್ರಿ ಆಸುಪಾಸಿನಲ್ಲಿ ಸುಡುತ್ತಾರೆ. ಸುಟ್ಟಾಗ ಟೈಲ್ ಕುಗ್ಗುತ್ತದೆ. ಗೂಡಿನ ನಡುವೆ ಹೋದದ್ದಕ್ಕೂ ಅಂಚಿನಲ್ಲಿ ಹೋದದ್ದಕ್ಕೂ ಶಾಖ ಸ್ವಲ್ಪ ಹೆಚ್ಚು ಕಡಿಮೆ. ದೊಡ್ಡ ತವದ ಮೇಲೆ ರೊಟ್ಟಿ ಎಲ್ಲಾ ಕಡೆ ಒಂದೇ ಥರ ಬೇಯುತ್ತದಾ? ಜೊತೆಗೆ ಪುಡಿಯಲ್ಲಿದ್ದ ತೇವ, ಒತ್ತಿದ ಬಲ, ಇವೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಸುಟ್ಟಮೇಲೆ ಅಳೆದು ಗುಂಪು ಮಾಡಿ ಬಾಕ್ಸ್ ಮೇಲೆ ಸೈಜ್ ಕೋಡ್ ಹಾಕುವುದು. ಗುಂಪಿನೊಳಗೆ ವ್ಯತ್ಯಾಸ ಕಮ್ಮಿ. ಎರಡು ಗುಂಪು ಕಲಸಿದಾಗ ತಲೆನೋವು.

ರೆಕ್ಟಿಫೈಡ್ ಟೈಲ್ ಅಂತ ಬರುತ್ತದಲ್ಲ, ಅದನ್ನು ಸುಟ್ಟಮೇಲೆ ನಾಲ್ಕೂ ಅಂಚು ಅರೆದು ಒಂದೇ ಅಳತೆಗೆ ತರುತ್ತಾರೆ. ಅಂಚು ಚೂಪಾಗಿರುತ್ತದೆ. ಸಾದಾ ಟೈಲ್ ಅಂಚು ಸ್ವಲ್ಪ ದುಂಡಗಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ.

ಡೊಂಬಿವಲಿ ಕಟ್ಟೆ

ಅಳೆದೆ ಸರ್. ಮಗನೂ ಕೂತುಕೊಂಡ, ಅವನು ಬರೆದುಕೊಂಡ.

ನೀವು ಹೇಳಿದ್ದೇ ಆಯಿತು. ಬಾಕ್ಸ್‌ಗಳಲ್ಲಿ ಎರಡು ಸೈಜ್ ಕೋಡ್ ಇವೆ. 14 ಬಾಕ್ಸ್ ಒಂದು ಕೋಡ್, 8 ಬಾಕ್ಸ್ ಇನ್ನೊಂದು. ಶೇಡ್ ಮಾತ್ರ ಎಲ್ಲಾ ಒಂದೇ, ಅದೊಂದು ಪುಣ್ಯ. 14 ಬಾಕ್ಸ್‌ನ ಟೈಲ್ ಎತ್ತರ 299.7ರಿಂದ 300.2 ಒಳಗೆ. ಅಗಲ ಸರಿಯಾಗಿ 450. 8 ಬಾಕ್ಸ್‌ನದು ಎತ್ತರ 298.3ರಿಂದ 298.7, ಅಗಲ 447.5 ಹತ್ತಿರ. ಪಕ್ಕದ ಮನೆಯವರ ಮಗ ಎಂಜಿನಿಯರಿಂಗ್ ಓದುತ್ತಾನೆ, ಅವನ ಉದ್ದನೆಯ ವರ್ನಿಯರ್‌ನಲ್ಲಿ ಅಳೆದದ್ದು. ಕರ್ಣ ಸರಿಯಾಗಿದೆ. ಬಾಗಿಲ್ಲ.

ಟೈಲ್ ಅಡ್ಡ ಹಾಕುವುದು, ಅಂದರೆ 450 ಅಗಲಕ್ಕೆ, 300 ಎತ್ತರಕ್ಕೆ. ಬಾಗಿಲು ಚಿಕ್ಕ ಗೋಡೆಯಲ್ಲಿದೆ, ಎರಡೂವರೆ ಅಡಿಯದು.

ಪಿಂಪ್ರಿ ಪೇಪರ್ ಜಾಯಿಂಟ್

ಒಂದೂವರೆ ಮಿಲಿಮೀಟರ್‌ಗೆ ಇಷ್ಟೊಂದು ಗಲಾಟೆಯಾ? ನಮ್ಮಲ್ಲಿ ಪೇಪರ್ ಜಾಯಿಂಟ್ ಹಾಕಿಸಿದ್ದೇವೆ. ಗ್ಯಾಪ್ ಇಲ್ಲವೇ ಇಲ್ಲ. ಟೈಲಿಗೆ ಟೈಲ್ ಅಂಟಿಸಿ ವೈಟ್ ಸಿಮೆಂಟ್ ತುಂಬಿದರೆ ಕಥೆ ಮುಗೀತು. ಗ್ಯಾಪ್ ಬಿಟ್ಟರೆ ಆಮೇಲೆ ಕಪ್ಪಾಗುತ್ತದೆ.

ಬೈನಾ ಟೈಲ್ ಕೆಲಸ

ಅಣ್ಣಾ, ನಾನು ಬಾಗಲಕೋಟೆ ಕಡೆಯವನು, ವಾಸ್ಕೋದಾಗ ಟೈಲ್ ಕೆಲಸ ಮಾಡ್ತೀನಿ. ಒಂದೂವರೆ ಮಿಲಿ ಒಂದು ಟೈಲಿಗೆ. ಏಳು ಸಾಲಿಗೆ ಎಷ್ಟಾತು ಲೆಕ್ಕ ಹಾಕ್ರಿ. ಹತ್ತೂವರೆ ಮಿಲಿ. ಒಂದು ಗೋಡಿಗೆ ದೊಡ್ಡ ಟೈಲು, ಬಾಜೂ ಗೋಡಿಗೆ ಸಣ್ಣ ಟೈಲು, ಎರಡಕ್ಕೂ ಒಂದೇ ಸ್ಪೇಸರ್ (ಗ್ಯಾಪಿಗೆ ಸಿಕ್ಕಿಸೋ ಪ್ಲಾಸ್ಟಿಕ್ ತುಂಡು). ಮ್ಯಾಲಿನ ಸಾಲಿಗೆ ಹೋದಾಗ ಬೆರಳಗಲ ಏರುಪೇರು ಆಗ್ತದ. ಅಕ್ಕಾರ ಅಡುಗೆಮನಿಯೊಳಗ ಆಗಿದ್ದು ಅದೇ ರೀ.

ಪೇಪರ್ ಜಾಯಿಂಟ್‌ನಾಗ ಇನ್ನೂ ಕಷ್ಟ. ಟೈಲಿಗೆ ಟೈಲ್ ತಾಗಿಸಿದ ಮ್ಯಾಲ ಸರಿ ಮಾಡಾಕ ಜಾಗಾನೇ ಇರಂಗಿಲ್ಲ.

ಪುಣೆ ಹಳೆ ಸೂಪರ್‌ವೈಸರ್

ಬೈನಾದವರು ಸರಿಯಾಗಿ ಹೇಳಿದರು. ಈಗ ಅಡ್ಜಸ್ಟ್ ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಎಲ್ಲರೂ ಮಾಡುವುದು ಗ್ಯಾಪ್ ಒಂದೇ ಇಡುವುದು. ಪ್ಲಸ್ ಗುರುತಿನ ಸ್ಪೇಸರ್ ಸಿಕ್ಕಿಸಿಕೊಂಡು ಹೋಗುತ್ತಾರೆ. ಟೈಲ್‌ಗಳೆಲ್ಲ ಒಂದೇ ಅಳತೆ ಇದ್ದರೆ ಅದು ಸರಿ. ಬೇರೆ ಬೇರೆ ಇದ್ದಾಗ ಗ್ಯಾಪ್ ಒಂದೇ ಇಟ್ಟರೆ ಟೈಲಿನ ವ್ಯತ್ಯಾಸ ಸಾಲಿನಿಂದ ಸಾಲಿಗೆ ಕೂಡುತ್ತಾ ಹೋಗುತ್ತದೆ. ಇಲ್ಲಿ ಒಂದೇ ಇರಬೇಕಾದದ್ದು ಗ್ಯಾಪ್ ಅಲ್ಲ, ಒಂದು ಸಾಲಿನ ತಳದಿಂದ ಮುಂದಿನ ಸಾಲಿನ ತಳಕ್ಕೆ ಇರುವ ದೂರ. ಅದನ್ನು ಮೊದಲೇ ಗೋಡೆ ಮೇಲೆ ಗುರುತು ಹಾಕಿಬಿಡಬೇಕು. ಟೈಲ್ ಗಿಡ್ಡ ಇದ್ದರೆ ಅದರ ಗ್ಯಾಪ್ ದೊಡ್ಡದಾಗಲಿ, ಎತ್ತರ ಇದ್ದರೆ ಗ್ಯಾಪ್ ಚಿಕ್ಕದಾಗಲಿ. ವ್ಯತ್ಯಾಸ ಅಲ್ಲಲ್ಲೇ ಸತ್ತುಹೋಗುತ್ತದೆ, ಮೇಲಕ್ಕೆ ಏರುವುದಿಲ್ಲ.

ನಿಮ್ಮ ಲೆಕ್ಕ ನೋಡೋಣ. ದೊಡ್ಡ ಟೈಲ್ 300. ಗ್ಯಾಪ್ ಕನಿಷ್ಠ 2 ಅಂತ ಹಿಡಿದರೆ ಸಾಲಿಗೆ 302. ಆಗ ಸಣ್ಣ ಟೈಲ್ ಗೋಡೆಯಲ್ಲಿ ಗ್ಯಾಪ್ 3.5 ಬರುತ್ತದೆ. ಏಳು ಸಾಲು ಸೇರಿ 2114 ಮಿ.ಮೀ. ಏಳು ಅಡಿ ಅಂದರೆ 2134. ಆರಾಮಾಗಿ ಕೂರುತ್ತದೆ.

ಟೈಲ್ ಹಂಚುವುದು ಹೀಗೆ. ಉದ್ದ ಗೋಡೆ ಎರಡಕ್ಕೂ ದೊಡ್ಡ ಕೋಡ್, ಚಿಕ್ಕ ಗೋಡೆ ಎರಡಕ್ಕೂ ಸಣ್ಣ ಕೋಡ್. ಉದ್ದ ಗೋಡೆಯಲ್ಲಿ ಸಾಲಿಗೆ ಮೂರು ಪೂರ್ತಿ ಟೈಲ್, ಎರಡು ಬದಿಗೂ ಒಂದೊಂದು ತುಂಡು. ಸಾಲಿಗೆ ಐದು, ಏಳು ಸಾಲಿಗೆ 35, ಎರಡು ಗೋಡೆಗೆ 70. ನಿಮ್ಮ ಹತ್ತಿರ ದೊಡ್ಡದು 84 ಇದೆ. ಬಾಗಿಲಿನ ಎದುರು ಗೋಡೆಗೆ ಸಾಲಿಗೆ ನಾಲ್ಕರಂತೆ 28, ಬಾಗಿಲಿರುವ ಗೋಡೆಗೆ ಎರಡರಂತೆ 14. ಒಟ್ಟು 42. ಸಣ್ಣದು 48 ಇದೆ. ಒಡೆಯಲು ಆರೇ ಉಳಿಯುತ್ತದೆ, ಕಟರ್ ಹಿಡಿಯುವವರಿಗೆ ಹೇಳಿ.

ಎದುರು ಗೋಡೆಯಲ್ಲಿ ಒಂದು ಬಲೆ ಇದೆ, ಎಚ್ಚರ. ನಾಲ್ಕೂವರೆ ಅಡಿ ಅಂದರೆ 1372. ಮೂರು ಟೈಲ್ ಇಟ್ಟು ಬಿಟ್ಟರೆ ಮೂಲೆಯಲ್ಲಿ ಬೆರಳಗಲದ ಚೂರು ಉಳಿಯುತ್ತದೆ. ನೋಡಲು ಅಸಹ್ಯ, ಕತ್ತರಿಸಲೂ ಆಗುವುದಿಲ್ಲ. ಅದಕ್ಕೇ ನಡುವೆ ಎರಡು ಪೂರ್ತಿ, ಎರಡೂ ಮೂಲೆಗೆ 23 ಸೆಂ.ಮೀ. ಹತ್ತಿರದ ತುಂಡು. ಪ್ಲಾಸ್ಟರ್ ಆದಮೇಲಿನ ಅಳತೆ ಇನ್ನೊಮ್ಮೆ ತೆಗೆದುಕೊಂಡು ಲೆಕ್ಕ ಹಾಕಿ. ನಾನು ಹೇಳಿದ್ದು ಅಡಿ ಲೆಕ್ಕದ ಮೇಲೆ.

ಅಗಲದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಡ್ಡ ಗೆರೆ ನಾಲ್ಕೂ ಗೋಡೆ ಸುತ್ತಬೇಕು, ಉದ್ದ ಗೆರೆ ತನ್ನ ಗೋಡೆಯಲ್ಲಿ ನೆಟ್ಟಗಿದ್ದರೆ ಸಾಕು. ಮೂಲೆಯ ತುಂಡು ಉಳಿದದ್ದನ್ನು ನುಂಗುತ್ತದೆ.

ಬೈನಾ ಟೈಲ್ ಕೆಲಸ

ಸರ್ ಹೇಳಿದ್ದು ಸರಿ. ನನ್ನದೊಂದು ಮಾತು. 302 ಬ್ಯಾಡ, 303 ಇಡ್ರಿ. 302 ಇಟ್ಟರ ಒಂದು ಗೋಡಿಗೆ 2, ಬಾಜೂ ಗೋಡಿಗೆ 3.5. ಹತ್ತಿರ ಹತ್ತಿರ ಎರಡು ಪಟ್ಟು. ಮೂಲ್ಯಾಗ ಕಣ್ಣಿಗೆ ಹೊಡೀತದ. 303 ಇಟ್ಟರ 3 ಮತ್ತು 4.5. ವ್ಯತ್ಯಾಸ ಅಷ್ಟೇ ಇದ್ದರೂ ಕಣ್ಣಿಗೆ ಗೊತ್ತಾಗಂಗಿಲ್ಲ. ಏಳು ಸಾಲಿಗೆ 2121, ಅದೂ ಕೂಡ್ತದ.

ಪುಣೆ ಹಳೆ ಸೂಪರ್‌ವೈಸರ್

ಒಪ್ಪಿದೆ. 303 ಉತ್ತಮ. ಕೈ ಕೆಲಸ ಮಾಡುವವರ ಕಣ್ಣೇ ಬೇರೆ.

ಡೊಂಬಿವಲಿ ಕಟ್ಟೆ

ಅಂಗಡಿಗೆ ಹೋಗಿ ಬಂದೆ. ಎರಡು ಕೋಡ್ ತೋರಿಸಿ ಕೇಳಿದೆ. ಮೊದಲು ಒಪ್ಪಲೇ ಇಲ್ಲ. ಬಾಕ್ಸ್‌ನ ಫೋಟೋ ತೋರಿಸಿದಮೇಲೆ ಸ್ವರ ಬದಲಾಯಿತು. ದೊಡ್ಡ ಕೋಡ್ ಸ್ಟಾಕ್ ಇಲ್ಲವಂತೆ, ಟೈಲ್ ಫ್ಯಾಕ್ಟರಿಗಳಿರುವ ಗುಜರಾತಿನ ಮೋರ್ಬಿಯಿಂದ ಬರುವ ಮುಂದಿನ ಲೋಡ್‌ನಲ್ಲಿ ಯಾವ ಕೋಡ್ ಬರುತ್ತದೋ ಹೇಳಲಾಗುವುದಿಲ್ಲವಂತೆ. ಬಿಚ್ಚದ ಬಾಕ್ಸ್ ವಾಪಸ್ ತಗೊಳ್ಳುತ್ತಾರೆ, ಬಿಚ್ಚಿದ್ದು ಇಲ್ಲ. ಅಳೆಯಲು ಎಲ್ಲಾ ಬಾಕ್ಸ್ ಬಿಚ್ಚಿದ್ದೇವಲ್ಲ!

ಟೈಲ್‌ಗಳ ಭಾರತೀಯ ಮಾನದಂಡ ಐಎಸ್ 15622 ಪ್ರಕಾರ ಇಷ್ಟು ವ್ಯತ್ಯಾಸ ಇರಬಹುದು ಅಂತಲೂ ಹೇಳಿದರು. ನಿಜಾನಾ?

ಪುಣೆ ಹಳೆ ಸೂಪರ್‌ವೈಸರ್

ಅರ್ಧ ನಿಜ. ಇಂಥ ಸೆರಾಮಿಕ್ ವಾಲ್ ಟೈಲ್‌ಗೆ ವರ್ಕ್ ಸೈಜ್‌ನಿಂದ ಅರ್ಧ ಶೇಕಡಾ ಆಚೀಚೆ ಬಿಟ್ಟಿದ್ದಾರೆ. 300ಕ್ಕೆ ಒಂದೂವರೆ ಮಿ.ಮೀ. ವರ್ಕ್ ಸೈಜ್ ಅಂದರೆ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದ 300 x 450 ಅಲ್ಲ. ಫ್ಯಾಕ್ಟರಿ ನಿಜವಾಗಿ ಗುರಿ ಇಟ್ಟ ಅಳತೆ. ಅದನ್ನು W ಅಕ್ಷರದ ಮುಂದೆ ಸಣ್ಣದಾಗಿ ಬರೆದಿರುತ್ತಾರೆ. ಹಾಗಾಗಿ ನಿಮ್ಮ ಎರಡೂ ಕೋಡ್ ಒಂದೊಂದಾಗಿ ನೋಡಿದರೆ ಪಾಸಾಗಬಹುದು.

ಆದರೆ ಎರಡು ಕೋಡ್ ಕಲಸಿ ಒಂದೇ ಬಿಲ್‌ನಲ್ಲಿ ಕೊಟ್ಟದ್ದು ಅಂಗಡಿಯವರ ಕೆಲಸ. ಫ್ಯಾಕ್ಟರಿಯವರು ಗುಂಪು ಮಾಡಿ ಕೋಡ್ ಹಾಕುವುದೇ ಯಾಕೆ ಮತ್ತೆ? ಜಗಳ ಆಡುವ ಮನಸ್ಸಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಟೈಲ್ ಗೋಡೆಗೆ ಹಾಕಿದಮೇಲೆ ಯಾರೂ ಕೇಳುವುದಿಲ್ಲ. ಬಾಕ್ಸ್ ಮೇಲೇ ಹಾಗೆ ಬರೆದಿರುತ್ತದೆ, ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಹಾಕಿಸಿ. ಎರಡು ಕೋಡ್ ಬೇರೆ ಬೇರೆ ಇದೆ, ಪ್ರತಿ ಕೋಡ್‌ನೊಳಗೆ ವ್ಯತ್ಯಾಸ ಅರ್ಧ ಮಿಲಿ ಇದೆ, ಶೇಡ್ ಒಂದೇ. ಇದಕ್ಕಿಂತ ಒಳ್ಳೆ ಕೆಟ್ಟ ಟೈಲ್ ಸಿಗುವುದಿಲ್ಲ.

ಮುಲುಂಡ್ ಅಕ್ಕ

ನಮ್ಮ ಮನೆಗೆ ಆಗ ನೀವ್ಯಾಕೆ ಸಿಗಲಿಲ್ಲ ಸರ್?

ಠಾಣೆ ಮಾರಾಯ

ಎರಡು ಕೋಡ್ ಬರೆದಿರದಿದ್ದರೆ? ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಕಮರ್ಷಿಯಲ್ ಗ್ರೇಡ್ ತಂದಿದ್ದೆ, ಅಡುಗೆ ಹಿಂಭಾಗಕ್ಕೆ. ಬಾಕ್ಸ್‌ನೊಳಗೇ ಎಲ್ಲಾ ಸೈಜ್ ಇತ್ತು ಮಾರಾಯ್ರೆ. ಅಂಥದ್ದಕ್ಕೆ ಏನು ದಾರಿ?

ಬೈನಾ ಟೈಲ್ ಕೆಲಸ

ಅದಕ್ಕ ಫಳಿ ಮಾಡ್ಕೋಬೇಕು. ಒಂದು ಪ್ಲೈವುಡ್ ತುಂಡು ತಗೊಂಡು ಎರಡು ಮರದ ಪಟ್ಟಿ ಮೂಲೆಗೆ ಸರಿಯಾಗಿ ಮೊಳೆ ಹೊಡೀರಿ. ಟೈಲ್ ತಂದು ಆ ಮೂಲೆಗೆ ಒತ್ತಿ ಇಡ್ರಿ. ಆಚೆ ಬದಿಗೆ ಪೆನ್ಸಿಲ್‌ಲೆ ಮೂರು ಗೆರಿ. ದೊಡ್ಡದು, ನಡುವಿನದು, ಸಣ್ಣದು. ಒಂದೊಂದೇ ಟೈಲ್ ಇಟ್ಟು ತೆಗೆದು ಮೂರು ಅಟ್ಟಿ ಮಾಡ್ರಿ. ಹಿಂದ ಗುರುತು ಹಾಕಿದರ ಪೆನ್ಸಿಲ್‌ಲೇ ಹಾಕ್ರಿ. ಸೆರಾಮಿಕ್ ಟೈಲ್ ಹಿಂಭಾಗ ನೀರು, ಶಾಯಿ ಎಲ್ಲಾ ಹೀರ್ತದ, ಮಾರ್ಕರ್ ಬ್ಯಾಡ.

ಒಂದು ಸಾಲಿಗೆ ಒಂದೇ ಅಟ್ಟಿ ಟೈಲ್. ಆವಾಗ ಆ ಸಾಲಿನ ಗ್ಯಾಪ್ ಉದ್ದಕ್ಕ ಒಂದೇ ಇರ್ತದ. ತೀರಾ ಸಣ್ಣವು ಮೂಲ್ಯಾಗ ಕತ್ತರಿಸಾಕ, ಬಾಗಿಲ ಹಿಂದ, ಗೀಸರ್ ಕೆಳಗ ಇಟ್ಟುಕೊಳ್ರಿ.

ಇನ್ನೊಂದು ಮಾತು, ಯಾರೂ ಹೇಳಂಗಿಲ್ಲ. ಗೌಂಡಿಗೆ ಚದರ ಅಡಿ ಲೆಕ್ಕ ಕೊಡ್ತೀರಿ. ಈ ಆರಿಸೋ ಕೆಲಸ ಅದರಾಗ ಬರಂಗಿಲ್ಲ. ಅವ ಯಾಕ ಮಾಡ್ತಾನ? ಒಂದು ದಿನದ ಪಗಾರ ಬ್ಯಾರೆ ಕೊಡ್ರಿ, ಇಲ್ಲಾ ನೀವೇ ಮನ್ಯಾಗ ಕೂತು ಆರಿಸಿ ಕೊಡ್ರಿ. ಪುಕ್ಕಟೆ ಕೇಳಿದರ "ಆಗ್ತದ ಬಿಡ್ರಿ" ಅಂತ ಬರ್ತದ, ಅಷ್ಟೇ.

ಡೊಂಬಿವಲಿ ಕಟ್ಟೆ

ಇದು ನೇರ ನನಗೇ ಹೇಳಿದ ಹಾಗಿದೆ 😄 ಗೌಂಡಿ ಹತ್ತಿರ ಮಾತಾಡಿದೆ. ದಿನದ ಕೂಲಿ ಬೇರೆ ಕೊಡುತ್ತೇನೆ ಅಂದಮೇಲೆ ಮುಖವೇ ಬೇರೆ ಆಯಿತು. "303 ಹಾಕೋಣ, ಪಟ್ಟಿ ಮಾಡಿಕೊಡ್ತೀನಿ" ಅಂತ ತಾವೇ ಹೇಳಿದರು. ಅವರಿಗೆ ಗೊತ್ತಿತ್ತು, ಕೇಳುವವರಿರಲಿಲ್ಲ.

ಪಟ್ಟಿ ಅಂದರೆ ಏನು ಸರ್?

ಪುಣೆ ಹಳೆ ಸೂಪರ್‌ವೈಸರ್

ನೆಟ್ಟಗಿರುವ ಉದ್ದ ಮರದ ಪಟ್ಟಿ. ಅದರ ಮೇಲೆ 303, 606, 909 ಹೀಗೆ 2121ರವರೆಗೆ ಪೆನ್ಸಿಲ್ ಗುರುತು. ಪ್ರತಿ ಸಲವೂ ಕೆಳಗಿನ ಸೊನ್ನೆಯಿಂದಲೇ ಅಳೆದು ಹಾಕಬೇಕು, ಹಿಂದಿನ ಗುರುತಿನಿಂದ ಅಲ್ಲ. ಆಮೇಲೆ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪ್) ಅಥವಾ ಲೇಸರ್ ಹಿಡಿದು ನಾಲ್ಕೂ ಗೋಡೆಗೆ ಒಂದೇ ಸೊನ್ನೆ ಗೆರೆ ಎಳೆಯಿರಿ. ಆ ಪಟ್ಟಿಯನ್ನು ನಾಲ್ಕೂ ಮೂಲೆಯಲ್ಲಿ ನಿಲ್ಲಿಸಿ ಗುರುತನ್ನು ಗೋಡೆಗೆ ಇಳಿಸಿ. ಎರಡು ಮೂಲೆಯ ನಡುವೆ ದಾರ ಕಟ್ಟಿ. ಟೈಲಿನ ತಳ ದಾರಕ್ಕೆ ಬರಬೇಕು. ಕೆಳಗೆ ಪ್ಲಾಸ್ಟಿಕ್ ಬೆಣೆ ಸೇರಿಸಿ ಎತ್ತಿ ಇಳಿಸಿ ದಾರಕ್ಕೆ ಕೂರಿಸುವುದು. ಪ್ಲಸ್ ಸ್ಪೇಸರ್ ಅನ್ನು ಗೋಡೆ ಹತ್ತಿರಕ್ಕೇ ಬಿಡಬೇಡಿ.

ನೆಲ ಇಳಿಜಾರು ಇರುತ್ತದಲ್ಲ, ಹಾಗಾಗಿ ಮೊದಲ ಸಾಲು ನೆಲದಿಂದ ಶುರು ಮಾಡಬೇಡಿ. ಎರಡನೇ ಸಾಲಿನ ತಳಕ್ಕೆ ಗೋಡೆಯಲ್ಲಿ ಇನ್ನೊಂದು ಮರದ ಪಟ್ಟಿ ಮೊಳೆ ಹೊಡೆದು ಅಲ್ಲಿಂದ ಮೇಲೆ ಹತ್ತಿ. ಮೊಳೆ ವಾಟರ್‌ಪ್ರೂಫಿಂಗ್ ಪದರಕ್ಕೆ ಹೋಗದ ಹಾಗೆ ನೋಡಿ, ಇಲ್ಲದಿದ್ದರೆ ಪಟ್ಟಿಯನ್ನು ಇಟ್ಟಿಗೆ ಮೇಲೆ ನಿಲ್ಲಿಸಿ. ನೆಲದ ಟೈಲ್ ಆದಮೇಲೆ ಕೆಳಗಿನ ಸಾಲನ್ನು ಇಳಿಜಾರಿಗೆ ತಕ್ಕಂತೆ ಕತ್ತರಿಸಿ ಸೇರಿಸುವುದು.

ಗೋಡೆ ಲಂಬಕ್ಕಿದೆಯಾ ಅಂತ ತೂಗುಗುಂಡು ಬಿಟ್ಟು ನೋಡಿದ್ದೀರಾ? ಟೈಲ್ ಅಂಟು ಐದಾರು ಮಿ.ಮೀ. ಮುಚ್ಚುತ್ತದೆ, ಅದಕ್ಕಿಂತ ಹೆಚ್ಚು ಹೊರಳಿದ್ದರೆ ಪ್ಲಾಸ್ಟರ್‌ನಲ್ಲೇ ಸರಿ ಮಾಡಿಸಿ.

ಪಿಂಪ್ರಿ ಪೇಪರ್ ಜಾಯಿಂಟ್

4.5 ಮಿ.ಮೀ. ಗ್ಯಾಪ್ ಸ್ನಾನದ ಮನೆಗೆ? ಒಂದು ಮಳೆಗಾಲ ಕಳೆಯಲಿ, ಕಪ್ಪು ಗೆರೆ ನೋಡಿ. ಗ್ಯಾಪ್ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು ಅನ್ನೋದು ನನ್ನ ಮಾತು, ಬದಲಾಗುವುದಿಲ್ಲ.

ಪುಣೆ ಹಳೆ ಸೂಪರ್‌ವೈಸರ್

ಕಪ್ಪಾಗುವುದು ಅಗಲಕ್ಕಲ್ಲ, ಒಳಗೆ ಏನು ತುಂಬಿದ್ದೀರಿ ಅನ್ನುವುದಕ್ಕೆ. ಪೇಪರ್ ಜಾಯಿಂಟ್‌ನಲ್ಲಿ ವೈಟ್ ಸಿಮೆಂಟ್ ಒಳಕ್ಕೆ ಇಳಿಯುವುದೇ ಇಲ್ಲ, ಮೇಲೆ ಬಳಿದ ಹಾಗಿರುತ್ತದೆ. ಉದುರಿದಮೇಲೆ ನೀರು ಒಳಗೆ. ನಿಮ್ಮ ಟೈಲ್ ರೆಕ್ಟಿಫೈಡ್ ಇರಬೇಕು, ಅದಕ್ಕೆ ಚೆನ್ನಾಗಿ ಕೂತಿದೆ. ಇವರದು ಸಾದಾ ಅಂಚು. ಆದರೂ ರೆಕ್ಟಿಫೈಡ್‌ಗೂ ನಾನು ಎರಡು ಮಿಲಿ ಬಿಡಿಸುತ್ತಿದ್ದೆ.

ಡೊಂಬಿವಲಿಯವರಿಗೆ ಗ್ಯಾಪ್ ತುಂಬಲು ಎಪಾಕ್ಸಿ ಗ್ರೌಟ್ ಹೇಳುತ್ತೇನೆ. ದುಬಾರಿ, ಆದರೆ ನೀರು ಹೀರುವುದಿಲ್ಲ. ತುಂಬಿದ ಕೂಡಲೇ ಟೈಲ್ ಮೇಲಿನ ಪೊರೆ ಒರೆಸಬೇಕು. ಊಟಕ್ಕೆ ಹೋಗಿ ಬಂದು ಒರೆಸುತ್ತೇನೆ ಅಂದರೆ ಹೋಗುವುದಿಲ್ಲ. ಸಿಮೆಂಟ್ ಗ್ರೌಟ್ ಹಾಕಿಸುವುದಾದರೆ ಮೂರು ಮಿಲಿಗಿಂತ ಅಗಲದ ಗ್ಯಾಪ್‌ಗೆ ಮರಳು ಸೇರಿದ್ದನ್ನು ತಗೊಳ್ಳಿ, ನುಣುಪಿನದು ಬಿರುಕು ಬಿಡುತ್ತದೆ.

ಬಣ್ಣ ಟೈಲಿಗೆ ಹತ್ತಿರದ್ದು ಇರಲಿ. ಬಿಳಿ ಟೈಲ್‌ಗೆ ಕಡು ಬೂದು ಗ್ರೌಟ್ ಹಾಕಿದರೆ ಅರ್ಧ ಮಿಲಿ ಏರುಪೇರೂ ಕೂಗಿ ಹೇಳುತ್ತದೆ.

ಮಡಗಾಂವ್ ಹಿತ್ತಲು

ನಡುವೆ ಬಾಯಿ ಹಾಕುತ್ತಿದ್ದೇನೆ, ನನ್ನದು ತಿರುಗಾಮುರುಗಾ ಸಮಸ್ಯೆ. ಅಡುಗೆಮನೆ ಒಲೆಯ ಹಿಂದೆ ಹಾಕಲು ಕೈಯಲ್ಲಿ ಬರೆದ ಅಝುಲೇಜು (ಪೋರ್ಚುಗೀಸ್ ಶೈಲಿಯ ಚಿತ್ರದ) ಟೈಲ್ ಮಾಡಿಸಿದ್ದೇನೆ. ನೀಲಿ ಬಿಳಿ. 14 ಸೆಂ.ಮೀ. ಚೌಕ ಅಂತ ಲೆಕ್ಕ, ಆದರೆ ಒಂದೂ ಇನ್ನೊಂದರ ಹಾಗಿಲ್ಲ. ಅಂಚು ಸ್ವಲ್ಪ ಅಂಕುಡೊಂಕು. ಇವನ್ನು ಆರಿಸಿ ಮೂರು ಅಟ್ಟಿ ಮಾಡಲು ಮನಸ್ಸು ಬರುವುದಿಲ್ಲ, ಕೈಯಲ್ಲಿ ಮಾಡಿದ್ದು ಹಾಗೇ ಇರಲಿ ಅನಿಸುತ್ತದೆ. ನಡುವೆ ಹನ್ನೆರಡು ಟೈಲ್ ಸೇರಿ ಒಂದು ದೋಣಿ ಚಿತ್ರ ಇದೆ. ಮನೆ ಹಳೇದು, ಜಂಬಿಟ್ಟಿಗೆ ಗೋಡೆ.

ಬೈನಾ ಟೈಲ್ ಕೆಲಸ

ಅಕ್ಕಾರ, ಅಂಥ ಕೆಲಸ ಮಾಡೀನಿ. ಅದಕ್ಕ ಸ್ಪೇಸರ್ ಮುಟ್ಟಬ್ಯಾಡ್ರಿ. ಗೋಡಿ ಮ್ಯಾಲ ದೊಡ್ಡ ಚೌಕ ಎಳೀರಿ, ನಾಲ್ಕು ಟೈಲ್ ಅಗಲ, ನಾಲ್ಕು ಟೈಲ್ ಎತ್ತರ, ನಡುವಿನ ಗ್ಯಾಪ್ ಸೇರಿಸಿ. ಆ ಚೌಕದೊಳಗ ಹದಿನಾರು ಟೈಲ್ ಕಣ್ಣಳತೆಲೆ ಕೂರಿಸ್ರಿ. ದೊಡ್ಡದರ ಬಾಜೂಕ ಸಣ್ಣದು. ಚೌಕದ ಗೆರಿ ದಾಟಬಾರದು, ಅಷ್ಟೇ. ಒಳಗ ಅಂಕುಡೊಂಕು ಚೆಂದ ಕಾಣ್ತದ, ಒಟ್ಟಾರೆ ಗೋಡಿ ನೆಟ್ಟಗ ಇರ್ತದ.

ದೋಣಿ ಚಿತ್ರಕ್ಕ ಬ್ಯಾರೆ ನಿಯಮ. ಅಲ್ಲಿ ಟೈಲಿನ ಅಂಚು ನೋಡಬ್ಯಾಡ್ರಿ, ಚಿತ್ರದ ಗೆರಿ ನೋಡ್ರಿ. ಹಗ್ಗ, ಅಲೆ, ಕೋಲು, ಒಂದು ಟೈಲಿನಿಂದ ಮುಂದಿನದಕ್ಕ ಕೂಡಬೇಕು. ಮೊದಲು ನೆಲದ ಮ್ಯಾಲ ಹಾಸಿ ಫೋಟೋ ತಗೊಳ್ರಿ. ಹಿಂದ ನಂಬರ್ ಇದ್ದರ ಹಾಗೇ, ಇಲ್ಲಂದರ ಪೆನ್ಸಿಲ್‌ಲೆ ಬರೀರಿ. ಚಿತ್ರ ಮೊದಲು ಗೋಡಿಗೆ, ಅದರ ಸುತ್ತ ಸಾದಾ ಟೈಲ್.

ಪುಣೆ ಹಳೆ ಸೂಪರ್‌ವೈಸರ್

ಪಣಜಿ ಕಡೆ ಹೋದಾಗ ಮೆನೆಜಿಸ್ ಬ್ರಗಾಂಜ ಸಂಸ್ಥೆಯ ಪ್ರವೇಶದ ಗೋಡೆ ನೋಡಿ ಬನ್ನಿ. ನೀಲಿ ಟೈಲ್ ಚಿತ್ರಗಳು, 1935ರವು. ಹತ್ತಿರ ನಿಂತು ಜಾಯಿಂಟ್ ನೋಡಿ, ಆಮೇಲೆ ಹಿಂದೆ ಸರಿದು ಚಿತ್ರ ನೋಡಿ. ಬೈನಾದವರು ಹೇಳಿದ್ದು ಆಗ ಕಣ್ಣಿಗೇ ಅರ್ಥವಾಗುತ್ತದೆ.

ಜಂಬಿಟ್ಟಿಗೆ ಗೋಡೆಯ ಮೇಲೆ ನೇರ ಅಂಟಿಸಬೇಡಿ. ಹಳೆ ಸುಣ್ಣದ ಗಾರೆ ಡೊಳ್ಳು ಬಿಟ್ಟಿದೆಯಾ ಅಂತ ಬೆರಳಿನಿಂದ ತಟ್ಟಿ ನೋಡಿ. ಸಡಿಲ ಇದ್ದದ್ದನ್ನು ಕೆರೆದು ಪ್ಲಾಸ್ಟರ್ ಮಾಡಿಸಿ, ಒಣಗಲು ಬಿಡಿ. ಗೋವಾ ಮಳೆಗಾಲದಲ್ಲಿ ಒಣಗುವುದಿಲ್ಲ, ಅಕ್ಟೋಬರ್ ಆದಮೇಲೆ ಇಟ್ಟುಕೊಳ್ಳಿ.

ಮುಲುಂಡ್ ಅಕ್ಕ

ಒಂದು ಸಂಶಯ. ಈಗ ಅಂಗಡಿಗಳಲ್ಲಿ ಲೈಟ್, ಡಾರ್ಕ್, ಹೈಲೈಟರ್ ಅಂತ ಸೆಟ್ ಕೊಡುತ್ತಾರಲ್ಲ. ಕೆಳಗೆ ಕಂದು, ಮೇಲೆ ಕ್ರೀಮ್, ನಡುವೆ ಹೂವಿನ ಸಾಲು. ಈ ಮೂರೂ ಒಂದೇ ಸೈಜ್ ಇರುತ್ತವೆ ಅಂತ ನಂಬಬಹುದಾ? ಅಡುಗೆಮನೆ ಮುಂದಿನ ವರ್ಷ ಒಡೆಸುವುದೇ ಅಂತ ತೀರ್ಮಾನ ಮಾಡಿದ್ದೇನೆ.

ಪುಣೆ ಹಳೆ ಸೂಪರ್‌ವೈಸರ್

ನಂಬಬೇಡಿ ಅಕ್ಕಾ. ಮೂರೂ ಬೇರೆ ಬೇರೆ ದಿನ ಒತ್ತಿ, ಬೇರೆ ಬೇರೆ ದಿನ ಸುಟ್ಟದ್ದಾಗಿರಬಹುದು. ಮೂರರದ್ದೂ ಸೈಜ್ ಕೋಡ್ ಒಂದೇ ಇದೆಯಾ ಅಂತ ಅಂಗಡಿಯಲ್ಲೇ, ದುಡ್ಡು ಕೊಡುವ ಮುಂಚೆ ನೋಡಿ. ಎತ್ತರದ ವ್ಯತ್ಯಾಸ ಆದರೆ ಚಿಂತೆ ಇಲ್ಲ, ಸಾಲೇ ಬೇರೆ ಅಲ್ವಾ. ಅಗಲದ ವ್ಯತ್ಯಾಸ ಕಷ್ಟ, ಉದ್ದ ಗೆರೆ ಕಂದಿನಿಂದ ಕ್ರೀಮ್‌ಗೆ ಹೋಗುವಾಗ ಜಾರುತ್ತದೆ. ಹಾಗಾದರೆ ನಡುವೆ ತೆಳು ಬಾರ್ಡರ್ ಪಟ್ಟಿ ಹಾಕಿಸಿ, ಕಣ್ಣು ಅಲ್ಲಿ ನಿಲ್ಲುತ್ತದೆ, ಗೆರೆ ಜಾರಿದ್ದು ಗೊತ್ತಾಗುವುದಿಲ್ಲ.

ಇಟ್ಟಿಗೆ ಜೋಡಣೆ ಥರ ಹಾಕಿದರೂ ಅಗಲದ ವ್ಯತ್ಯಾಸ ಅಡಗುತ್ತದೆ. ಆದರೆ ಉದ್ದ ಟೈಲ್ ಅರ್ಧಕ್ಕೆ ಸರಿಸಬೇಡಿ, ಮೂರನೇ ಒಂದು ಪಾಲು ಸಾಕು. ಟೈಲ್ ನಡುವೆ ಸ್ವಲ್ಪ ಉಬ್ಬಿರುತ್ತದೆ. ಅರ್ಧಕ್ಕೆ ಸರಿಸಿದರೆ ಉಬ್ಬಿನ ಪಕ್ಕ ತುದಿ ಬಂದು ಮೆಟ್ಟಿಲು ಹಾಗಾಗುತ್ತದೆ.

ಡೊಂಬಿವಲಿ ಕಟ್ಟೆ

ಉದ್ದ ಗೋಡೆ ಎರಡೂ ಮುಗಿಯಿತು, ಎದುರು ಗೋಡೆ ಐದನೇ ಸಾಲಿನವರೆಗೆ ಬಂದಿದೆ. ಮೂಲೆಯಲ್ಲಿ ಗೆರೆ ಗೆರೆಗೆ ಸೇರಿದೆ! 3 ಮತ್ತು 4.5 ಅಂತ ಗೊತ್ತಿರುವ ನನಗೇ ಹುಡುಕಿದರೆ ಕಾಣುತ್ತದೆ. ಹೆಂಡತಿ ನೋಡಿ "ಪರವಾಗಿಲ್ಲ" ಅಂದಳು. ಅವಳ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಇದ್ದ ಹಾಗೆ.

ಎರಡು ಪ್ರಶ್ನೆ ಉಳಿದಿವೆ. ಟೈಲನ್ನು ನೀರಲ್ಲಿ ನೆನೆಸಬೇಕು ಅಂತ ಸೊಸೈಟಿಯ ಹಿರಿಯರೊಬ್ಬರು ಬಂದು ಹೇಳಿ ಹೋದರು, ನಮ್ಮ ಗೌಂಡಿ ನೆನೆಸಿಲ್ಲ. ಇನ್ನೊಂದು, ನೆಲದ ಟೈಲ್ 300 x 300, ಅದರ ಗೆರೆ ಗೋಡೆಯ ಗೆರೆಗೆ ಸೇರಬೇಕಾ?

ಬೈನಾ ಟೈಲ್ ಕೆಲಸ

ಸಿಮೆಂಟ್‌ಲೆ ಹಚ್ಚಿದರ ನೆನೆಸಬೇಕು, ಇಲ್ಲಂದರ ಟೈಲು ಸಿಮೆಂಟಿನ ನೀರು ಹೀರಿ ಬಿಟ್ಟು ಬರ್ತದ. ಬ್ಯಾಗಿನ ಅಂಟು ಹಚ್ಚಿದರ ನೆನೆಸಬಾರದು. ನಿಮ್ಮ ಗೌಂಡಿ ಹಲ್ಲಿನ ಕರಣೆಲೆ ಅಂಟು ಎಳದಾರ ಅಂದರ ಸರಿ ಮಾಡ್ಯಾರ.

ನೆಲದ ಗೆರಿ ಸೇರಿಸಾಕ ಹೋಗಬ್ಯಾಡ್ರಿ. ಗೋಡಿ 450, ನೆಲ 300, ಎಲ್ಲೋ ಒಂದು ಕಡೆ ಸೇರ್ತಾವು, ಮುಂದ ತಪ್ಪತಾವು. ಅರ್ಧಂಬರ್ಧ ಸೇರಿದ್ದು ಇನ್ನೂ ಕೆಟ್ಟ ಕಾಣ್ತದ. ನೆಲ ತನ್ನ ಪಾಡಿಗೆ ನಡುವಿನಿಂದ ಹಾಕ್ರಿ, ಇಳಿಜಾರು ನೀರು ಹೋಗೋ ಜಾಳಿ ಕಡೆ ಸರಿ ಇರಲಿ. ಮತ್ತ ಉಳಿದ ಟೈಲ್ ಮಾರಬ್ಯಾಡ್ರಿ, ದೊಡ್ಡ ಕೋಡ್, ಸಣ್ಣ ಕೋಡ್ ಬ್ಯಾರೆ ಬ್ಯಾರೆ ಬಾಕ್ಸಿನಾಗ ಗೋಡಿ ಹೆಸರು ಬರದು ಮಾಳಿಗಿ ಮ್ಯಾಲ ಇಡ್ರಿ. ಪೈಪ್ ಒಡದಾಗ ಬೇಕಾಗ್ತಾವು.